ಸುಲಿಗೆಲಿ ಕೊಲೆ ಆದ್ರೆ ಯಾರಿಗೆ ಎಷ್ಟು ಶಿಕ್ಷೆ? ಜಡ್ಜ್‌ಮೆಂಟ್ ಓದೋದು ಹೀಗೆ

ನಾಲ್ಕೈದು ಜನ ಸುಲಿಗೆಗೆ ಹೋಗಿ ಅಲ್ಲೊಂದು ಹೆಣ ಬಿದ್ದಿರೋ ಕೇಸಲ್ಲಿ ಶಿಕ್ಷೆ ಆಯ್ತು ಅಂದ್ರೆ ಸಾಕು, ಎಲ್ರೂ ಕೇಳೋದು ಒಂದೇ: ಚಾಕು ಹಾಕಿದೋನು ಒಬ್ಬ, ಆಚೆ ಬೈಕ್ ಸ್ಟಾರ್ಟ್ ಮಾಡ್ಕೊಂಡು ನಿಂತಿದ್ದೋನಿಗೂ ಜೀವಾವಧಿ ಯಾಕೆ? ಪೇಪರ್ ಸುದ್ದಿಲಿ ಉತ್ತರ ಸಿಗಲ್ಲ, ಜಡ್ಜ್‌ಮೆಂಟೇ ಓದ್ಬೇಕು.

ಓದೋಕೆ ಕೂತಾಗ ಮೊದಲು ಘಟನೆ ದಿನಾಂಕ ನೋಡ್ಕೊಳ್ಳಿ. 2024ರ ಜುಲೈ 1ಕ್ಕಿಂತ ಮುಂಚಿನದಾದ್ರೆ ಐಪಿಸಿ (ಹಳೇ ಭಾರತೀಯ ದಂಡ ಸಂಹಿತೆ) ಸೆಕ್ಷನ್‌ಗಳು, ಅವತ್ತಿನದು ಅಥವಾ ಆಮೇಲಿನದಾದ್ರೆ ಬಿಎನ್‌ಎಸ್ (ಹೊಸ ಭಾರತೀಯ ನ್ಯಾಯ ಸಂಹಿತೆ). ಎ1 (ಒಂದನೇ ಆರೋಪಿ) ಅಂದ್ರೆ ಗ್ಯಾಂಗ್ ಲೀಡರ್ ಅಂದ್ಕೋಬೇಡಿ, ಅದು ಚಾರ್ಜ್‌ಶೀಟಲ್ಲಿ ಪೊಲೀಸ್ನೋರು ಹಾಕಿರೋ ಕ್ರಮ ಅಷ್ಟೆ.

ಆಮೇಲೆ ತಲೆ ಎಣಿಸಿ, ಇದೇ ಮುಖ್ಯ. ಐದು ಜನ ಅಥವಾ ಜಾಸ್ತಿ ಇದ್ರೆ ಅದು ಡಕಾಯಿತಿ, ಅವರಲ್ಲಿ ಒಬ್ಬ ಕೊಲೆ ಮಾಡಿದ್ರೂ ಐಪಿಸಿ 396, ಈಗಿನ ಬಿಎನ್‌ಎಸ್ 310(3) ಎಲ್ಲರ ಮೇಲೂ ಬೀಳತ್ತೆ, ಕೊಲೆ ಮಾಡೋ ಉದ್ದೇಶ ಪ್ರತಿಯೊಬ್ಬನಿಗೂ ಇತ್ತು ಅಂತ ಸಾಬೀತು ಮಾಡೋ ಗೋಜೇ ಇಲ್ಲ. ಇಬ್ರು ತಲೆಮರೆಸಿಕೊಂಡು ಮೂರೇ ಜನ ಸಿಕ್ಕಿದ್ರೂ, ಐವರು ಇದ್ರು ಅಂತ ಪ್ರೂವ್ ಆದ್ರೆ ಸಾಕು. ಆದ್ರೆ ಇಲ್ಲಿ ಶಿಕ್ಷೆ ಗಲ್ಲು, ಜೀವಾವಧಿ ಅಥವಾ ಹೊಸ ಕಾನೂನಲ್ಲಿ ಕನಿಷ್ಠ 10 ವರ್ಷ ಕಠಿಣ ಸಜೆ (ಹಳೇದ್ರಲ್ಲಿ ಗರಿಷ್ಠ 10), ಅಂದ್ರೆ ಬೈಕ್‌ನೋನಿಗೆ ಕಡಿಮೆ ಕೊಡೋಕೆ ಜಡ್ಜ್‌ಗೆ ಜಾಗ ಇದೆ.

ನಾಲ್ಕೇ ಜನ ಇದ್ರೆ ಲೆಕ್ಕ ಉಲ್ಟಾ. ಆಗ ಬಿಎನ್‌ಎಸ್‌ನ ಕೊಲೆ ಸೆಕ್ಷನ್ 103(1) ಜೊತೆ 3(5), ಅಂದ್ರೆ ಹಳೇ ಐಪಿಸಿ 302 ಮತ್ತು 34 ಬರತ್ತೆ, ಕಾಮನ್ ಇಂಟೆನ್ಷನ್ (ಎಲ್ರಿಗೂ ಒಂದೇ ಉದ್ದೇಶ ಇತ್ತು ಅನ್ನೋದು) ಸಾಬೀತಾಗ್ಬೇಕು. ಸಾಬೀತಾದ್ರೆ ಜೀವಾವಧಿಗಿಂತ ಕೆಳಗೆ ಇಳಿಯೋಕೇ ಆಗಲ್ಲ, ಬೈಕ್‌ನೋನಾದ್ರೂ ಅಷ್ಟೆ. ಸಾಬೀತಾಗದಿದ್ರೆ ಅವನ ತಲೆ ಮೇಲೆ ಉಳಿಯೋದು ಸುಲಿಗೆ ಕೇಸ್ ಮಾತ್ರ. ನನ್ನ ಕೇಳಿದ್ರೆ ಇದು ವಿಚಿತ್ರವೇ, ಗುಂಪು ಚಿಕ್ಕದಾದಷ್ಟೂ ಜಡ್ಜ್ ಕೈ ಕಟ್ಟಿಹಾಕಿದ ಹಾಗೆ. ಅದಕ್ಕೇ ಜಡ್ಜ್‌ಮೆಂಟಲ್ಲಿ 'ಯಾರು ಎಲ್ಲಿ ನಿಂತಿದ್ರು, ಮಚ್ಚು ಇರೋದು ಮೊದಲೇ ಗೊತ್ತಿತ್ತಾ, ಕೊಲೆ ಆದ್ಮೇಲೆ ಪಾಲು ತಗೊಂಡ್ರಾ' ಅನ್ನೋ ಪ್ಯಾರಾಗಳನ್ನ ನಿಧಾನವಾಗಿ ಓದಿ, ಮಹಜರಲ್ಲಿ (ಸಾಕ್ಷಿಗಳ ಎದುರು ಪೊಲೀಸ್ನೋರು ಬರೆಯೋ ಜಪ್ತಿ ದಾಖಲೆ) ಯಾರ ಹತ್ರ ಏನು ಸಿಕ್ತು ಅನ್ನೋದನ್ನೂ.

ಒಂದು ಸೆಕ್ಷನ್ ಮಾತ್ರ ಒಬ್ಬೊಬ್ಬನಿಗೇ ಅಂಟ್ಕೊಳ್ಳೋದು: ಐಪಿಸಿ 397, ಈಗ ಬಿಎನ್‌ಎಸ್ 311, ಮಾರಕಾಸ್ತ್ರ ಬಳಸಿದ್ರೆ ಕನಿಷ್ಠ 7 ವರ್ಷ. ದೆಹಲಿಯ ಪೆಟ್ರೋಲ್ ಬಂಕ್ ಸುಲಿಗೆ ಕೇಸೊಂದರಲ್ಲಿ (ಫೂಲ್ ಕುಮಾರ್, 1975) ಸುಪ್ರೀಂ ಕೋರ್ಟ್ ಹೇಳಿದ್ದು, ಇದು ಆಯುಧ ಹಿಡಿದೋನಿಗೆ ಮಾತ್ರ, ಜೊತೆಗಿದ್ದೋನಿಗೆ ಹಂಚೋ ಹಾಗಿಲ್ಲ. ಆದ್ರೆ ಎದುರಿನೋನಿಗೆ ಕಾಣೋ ಹಾಗೆ ಚಾಕು ಹಿಡಿದು ನಿಂತ್ರೂ ಅದು ಬಳಸಿದ ಹಾಗೇ, ಇರೀಲೇಬೇಕು ಅಂತಿಲ್ಲ.

ಇನ್ನು ಗಲ್ಲು ಕೊಟ್ಟಿದ್ರೆ ಶಿಕ್ಷೆ ಬಗ್ಗೆ ಪ್ರತ್ಯೇಕ ವಿಚಾರಣೆ ಹೇಗೆ ನಡೀತು ನೋಡಿ. ಇಂದೋರ್‌ನಲ್ಲಿ 2011ರಲ್ಲಿ ಮನೆಗೆ ನುಗ್ಗಿ ಮೂವರು ಹೆಂಗಸರನ್ನ ಕೊಂದು ದೋಚಿದ್ರು, ಮೂರು ಜನ ಅಪರಾಧಿಗಳಿಗೂ ಗಲ್ಲಾಗಿತ್ತು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ (ಮನೋಜ್ ಕೇಸ್) ಅದನ್ನ ಕನಿಷ್ಠ 25 ವರ್ಷದ ಜೀವಾವಧಿಗೆ ಇಳಿಸ್ತು, ಜೊತೆಗೆ ಗಲ್ಲಿನ ಕೇಸುಗಳಲ್ಲಿ ಅಪರಾಧಿಯ ಹಿನ್ನೆಲೆ, ಮಾನಸಿಕ ಸ್ಥಿತಿ, ಜೈಲಲ್ಲಿನ ನಡತೆ ಎಲ್ಲದರ ವರದಿನ ವಿಚಾರಣಾ ಕೋರ್ಟೇ ತರಿಸ್ಕೋಬೇಕು ಅಂತ ಹೇಳ್ತು. ಅಂಥ ವರದಿ ಒಂದೊಂದು ಆರೋಪಿಗೂ ಬೇರೆ ಬೇರೆ ಇದ್ಯಾ, ಇಲ್ಲ ಎಲ್ರಿಗೂ ಸೇರಿಸಿ ಒಂದೇ ಪ್ಯಾರಾಲಿ ತಳ್ಳಿಬಿಟ್ಟಿದ್ದಾರಾ ಗಮನಿಸಿ. ಗಲ್ಲನ್ನ ಹೈಕೋರ್ಟ್ ಕನ್ಫರ್ಮ್ ಮಾಡೋವರೆಗೂ ಜಾರಿ ಮಾಡೋಕಾಗಲ್ಲ.

ಕೊನೆಗೆ ಒಬ್ಬೊಬ್ಬನ ಅಪೀಲ್ ಏನಾಯ್ತು ಅಂತ ಬೇರೆ ಬೇರೆಯಾಗೇ ಹುಡುಕಿ. ಹರ್‌ಬನ್ಸ್ ಸಿಂಗ್ ಕೇಸಲ್ಲಿ (ಸುಲಿಗೆ ಅಲ್ಲ, ಕೊಲೆ) ಒಂದೇ ಥರದ ಪಾತ್ರ ಇದ್ದ ಮೂವರಿಗೆ ಗಲ್ಲಾಗಿತ್ತು, ಒಬ್ಬಂದು 1977ರಲ್ಲಿ ಜೀವಾವಧಿಗೆ ಇಳೀತು, ಇನ್ನೊಬ್ಬನ್ನ 1981ರ ಅಕ್ಟೋಬರ್ 6ಕ್ಕೆ ನೇಣಿಗೆ ಹಾಕೇಬಿಟ್ರು, ಮೂರನೆಯೋನಿಗೆ ಗಲ್ಲು ಬೇಡ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ ರಾಷ್ಟ್ರಪತಿಗೆ ಶಿಫಾರಸು ಮಾಡ್ತು. ಹಾಗಾಗಿ ಜೊತೆಗಾರನಿಗೆ ಹೈಕೋರ್ಟಲ್ಲಿ ಶಿಕ್ಷೆ ಇಳಿದಿದ್ರೆ, ಅಪೀಲೇ ಹಾಕದೆ ಕೂತಿರೋ ಎ3 ಕಡೆಯೋರು ಆ ಆದೇಶದ ಕಾಪಿ ತಗೊಂಡು ಮೊದಲು ವಕೀಲರ ಹತ್ರ ಹೋಗ್ಬೇಕು, ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ.