ಗ್ಲೌಸ್ ನಾತ ಹೊಡೀತಿದೆಯಾ? ಮೊದಲು ಒಳಗೆ ನೋಡಿ

ಬ್ಯಾಟಿಂಗ್ ಗ್ಲೌಸ್ ಇರಲಿ, ಕೀಪಿಂಗ್ ಗ್ಲೌಸ್ ಇರಲಿ, ಬಾಕ್ಸಿಂಗ್ ಗ್ಲೌಸ್ ಇರಲಿ, ನಾತದ ಕಥೆ ಒಂದೇ. ಹೊರಗಿನ ಲೆದರ್ ಮೂಸಿ ನೋಡಿದರೆ ಅಷ್ಟೇನೂ ಇರುವುದಿಲ್ಲ. ಕೈ ತೂರಿಸುವ ಬಾಯಿಯ ಹತ್ತಿರ ಮೂಗು ತಂದರೆ ಮಾತ್ರ ತಲೆ ತಿರುಗುತ್ತದೆ. ಅಂದರೆ ವಾಸನೆ ಕೂತಿರುವುದು ಒಳಗಿನ ಲೈನಿಂಗ್ ಬಟ್ಟೆಯಲ್ಲಿ, ಅದರ ಹಿಂದಿನ ಸ್ಪಾಂಜಿನಲ್ಲಿ. ಹೊರಗಡೆ ಎಷ್ಟು ಉಜ್ಜಿದರೂ ಲಾಭವಿಲ್ಲ.

ಬೆವರಿಗೆ ತಾನಾಗಿ ಅಂಥ ವಾಸನೆ ಇಲ್ಲ. ಒದ್ದೆ ಜಾಗದಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಬೆವರನ್ನು ಒಡೆದು ಕಮಟು ಆಮ್ಲಗಳನ್ನು ಮಾಡುತ್ತವೆ, ಮೂಗಿಗೆ ಬಡಿಯುವುದು ಅವೇ. ಹಾಗಾಗಿ ಮೊದಲ ಕೆಲಸ ಒಣಗಿಸುವುದು. ಒದ್ದೆ ಗ್ಲೌಸಿಗೆ ಸೆಂಟ್ ಹೊಡೆದರೆ ನಾತವೂ ಇರುತ್ತದೆ, ಸೆಂಟೂ ಇರುತ್ತದೆ, ಅಷ್ಟೇ.

ಗ್ಲೌಸಿನ ಪಟ್ಟಿಗಳನ್ನೆಲ್ಲ ಬಿಚ್ಚಿ ಬಾಯಿ ಪೂರ್ತಿ ಅಗಲಿಸಿ. ಹಳೇ ಪೇಪರ್ ಹಾಳೆಯನ್ನು ಬೆರಳಿನ ದಪ್ಪಕ್ಕೆ ಸುರುಳಿ ಸುತ್ತಿ ಒಂದೊಂದು ಬೆರಳಿಗೂ ತುದಿಯವರೆಗೆ ತೂರಿಸಿ. ಜಾಸ್ತಿ ಒದ್ದೆ ನಿಲ್ಲುವುದು ಬೆರಳ ತುದಿಯಲ್ಲೇ, ಗಾಳಿ ಹೋಗದಿರುವುದೂ ಅಲ್ಲಿಗೇ. ಒಂದೆರಡು ಗಂಟೆ ಬಿಟ್ಟು ಸುರುಳಿ ತೆಗೆದು ನೋಡಿ, ತುದಿ ಮೆತ್ತಗಾಗಿದ್ದರೆ ಹೊಸದು ಹಾಕಿ. ಲೈನಿಂಗ್ ಬಿಳಿ ಇದ್ದರೆ ಅಚ್ಚಿಲ್ಲದ ಹಾಳೆ ಬಳಸಿ, ಇಲ್ಲದಿದ್ದರೆ ಪೇಪರಿನ ಮಸಿ ಅಂಟುತ್ತದೆ. ಆಮೇಲೆ ಫ್ಯಾನಿನ ಮುಂದೆ, ಬಾಯಿ ಗಾಳಿಗೆ ತಿರುಗಿಸಿ ರಾತ್ರಿಯಿಡೀ ಬಿಡಿ.

ಸುಡು ಬಿಸಿಲಿಗೆ ಹಾಕಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಬಿಸಿಲು, ಹೇರ್ ಡ್ರೈಯರ್, ಹೀಟರ್ ಮೂರೂ ಲೆದರಿನ ಎಣ್ಣೆಯಂಶ ಹೀರಿಬಿಡುತ್ತವೆ. ಚರ್ಮ ಸೆಟೆದು, ಮಡಿಸುವ ಜಾಗದಲ್ಲಿ ಬಿರುಕು ಬೀಳುತ್ತದೆ. ನೆರಳು, ಗಾಳಿ, ಇಷ್ಟು ಸಾಕು. ವಾಷಿಂಗ್ ಮೆಷಿನ್ನಿನ ಮಾತಂತೂ ಎತ್ತಲೇಬೇಡಿ.

ಪೂರ್ತಿ ಒಣಗಿದ ಮೇಲೆ ಅಡುಗೆ ಸೋಡಾದ ಸರದಿ. ವಾಸನೆಯ ಮೂಲ ಆಮ್ಲ, ಸೋಡಾ ಕ್ಷಾರ. ಎರಡೂ ಸೇರಿದರೆ ಗಾಳಿಗೆ ಹಾರದ ಲವಣ ಆಗುತ್ತದೆ, ಹಾರದಿದ್ದರೆ ಮೂಗಿಗೆ ಬರುವುದಿಲ್ಲ. ಬಾಕ್ಸಿಂಗ್ ಗ್ಲೌಸಿಗಾದರೆ ತೆಳುವಾದ ಹಳೇ ಕಾಲುಚೀಲಕ್ಕೆ ನಾಲ್ಕೈದು ಚಮಚ ಸೋಡಾ ತುಂಬಿ, ಗಂಟು ಕಟ್ಟಿ ಒಳಗೆ ತುರುಕಿದರೆ ಆಯಿತು. ಬ್ಯಾಟಿಂಗ್ ಗ್ಲೌಸಿನ ಸಪೂರ ಬೆರಳುಗಳಿಗೆ ಚೀಲ ಹೋಗುವುದಿಲ್ಲ. ಅಲ್ಲಿ ಪುಡಿಯನ್ನೇ ಒಂದು ಚಮಚ ಸುರಿದು, ಬಾಯಿ ಹಿಡಿದು ಚೆನ್ನಾಗಿ ಕುಲುಕಿ. ಒಂದು ರಾತ್ರಿ ಬಿಟ್ಟು, ಮರುದಿನ ಮಗುಚಿ ತಟ್ಟಿ ಪುಡಿ ಉದುರಿಸಿ. ಸೋಡಾವನ್ನು ನೀರಲ್ಲಿ ಕಲಸಿ ಲೆದರಿಗೆ ಹಚ್ಚಬೇಡಿ. ಹದ ಮಾಡಿದ ಚರ್ಮ ಸಾಮಾನ್ಯವಾಗಿ ತುಸು ಆಮ್ಲದ ಗುಣದ್ದು, ಒದ್ದೆ ಕ್ಷಾರ ಅದಕ್ಕೆ ಆಗಿಬರುವುದಿಲ್ಲ. ಬಣ್ಣವೂ ಕೆಡಬಹುದು.

ಇಷ್ಟಾದರೂ ವಾಸನೆ ಬಿಡದಿದ್ದರೆ ಬಿಳಿ ವಿನೆಗರ್. ಒಂದು ಪಾಲಿಗೆ ಎರಡು ಪಾಲು ನೀರು ಸೇರಿಸಿ, ಬಟ್ಟೆ ಅದ್ದಿ, ಹನಿ ಬೀಳದಷ್ಟು ಹಿಂಡಿ. ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಲೈನಿಂಗ್ ಮಾತ್ರ ಒರೆಸಿ, ಮತ್ತೆ ಫ್ಯಾನಿಗೆ ಇಡಿ. ವಿನೆಗರ್ ಘಾಟು ಒಣಗುತ್ತಾ ಹೋಗಿಬಿಡುತ್ತದೆ. ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ನೊರೆ ಬರುತ್ತದೆ, ನೋಡಲು ಚೆಂದ, ಆದರೆ ಒಂದನ್ನೊಂದು ಕೊಂದುಕೊಂಡು ಎರಡೂ ದಂಡ.

ಫ್ರೀಜರಿನಲ್ಲಿ ಇಟ್ಟರೆ ಕ್ರಿಮಿ ಸಾಯುತ್ತವೆ ಅನ್ನುವುದನ್ನು ನಾನು ನಂಬುವುದಿಲ್ಲ. ಚಳಿಗೆ ಬಹಳಷ್ಟು ಬ್ಯಾಕ್ಟೀರಿಯಾ ಸುಮ್ನೆ ಮಲಗಿರುತ್ತವೆ, ಗ್ಲೌಸ್ ಬೆಚ್ಚಗಾದ ಕೂಡಲೇ ಎದ್ದು ಕೆಲಸ ಶುರು ಮಾಡುತ್ತವೆ.

ಬೆವರು ನಾತದ ಬದಲು ಮುಗ್ಗಲು ವಾಸನೆ ಬರುತ್ತಿದ್ದು, ಹೊಲಿಗೆಯ ಸಂದಿನಲ್ಲಿ ಬಿಳಿ ಅಥವಾ ಹಸಿರು ಚುಕ್ಕೆ ಕಂಡರೆ ಅದು ಬೂಷ್ಟು. ಮನೆಯೊಳಗೆ ಕೊಡವಬೇಡಿ, ಪುಡಿ ಎಲ್ಲ ಕಡೆ ಹಾರುತ್ತದೆ. ಹೊರಗೆ ಒಯ್ದು ಒಣ ಬ್ರಷ್‌ನಿಂದ ಉಜ್ಜಿ, ಅದೇ ವಿನೆಗರ್ ಬಟ್ಟೆಯಿಂದ ಒರೆಸಿ ಒಣಗಿಸಿ. ಹೊರಗಿನ ಲೆದರಿಗೂ ಬಟ್ಟೆ ಮುಟ್ಟಿಸಬೇಕಾದರೆ ಮೊದಲು ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿಕೊಳ್ಳಿ. ಕೊನೆಗೆ ಲೆದರ್ ಕಂಡೀಷನರ್ ತೆಳ್ಳಗೆ ಸವರಿ. ಒಳಗೆ ಬೇಡ, ಹೊರಗೆ ಮಾತ್ರ.

ಇನ್ನು ಮುಂದಕ್ಕೆ, ಒಳಗೆ ಹತ್ತಿಯ ಇನ್ನರ್ ಅಥವಾ ಕೈಪಟ್ಟಿ ಹಾಕಿಕೊಂಡೇ ಆಡಿ, ಅದನ್ನು ಪ್ರತಿ ಸಲ ಒಗೆಯಿರಿ. ಗ್ಲೌಸನ್ನು ಬ್ಯಾಗಿನೊಳಗೆ ಮುಚ್ಚಿಡದೆ ಹೊರಗೆ ನೇತುಹಾಕಿ. ಬ್ಯಾಗನ್ನೂ ಒಮ್ಮೆ ಮೂಸಿ ನೋಡಿ, ಅದು ನಾರುತ್ತಿದ್ದರೆ ಅದಕ್ಕೂ ಒಂದು ರಾತ್ರಿ ಸೋಡಾ ಬೇಕು. ಲೈನಿಂಗ್ ಹರಿದು, ಒಳಗಿನ ಸ್ಪಾಂಜು ಪುಡಿಪುಡಿಯಾಗಿ ಕೈಗೆ ಅಂಟುತ್ತಿದ್ದರೆ ಮಾತ್ರ ಈ ಯಾವ ಉಪಾಯವೂ ನಡೆಯುವುದಿಲ್ಲ, ಹೊಸ ಜೋಡಿ ತಗೊಳ್ಳಿ.