ಆಸ್ಪತ್ರೆಗೆ ನೀವೂ ಅಂಕ ಹಾಕಬಹುದು

ಡಾಕ್ಟರ್ ಒಳ್ಳೆಯವರು, ಔಷಧಿಯೂ ಸಿಗುತ್ತದೆ. ಆದರೆ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಇದನ್ನು ಯಾರು ಲೆಕ್ಕಕ್ಕೆ ತಗೋತಾರೆ? ಸರ್ಕಾರಿ ಆಸ್ಪತ್ರೆಗಳಿಗಾಗಿ 2015ರಲ್ಲಿ ಶುರುವಾದ ಕೇಂದ್ರದ ‘ಕಾಯಕಲ್ಪ’ ಯೋಜನೆ ಅಳೆಯುವುದು ಇಂಥವನ್ನೇ. ನೀವು ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿದ್ದರೆ, ಅದೇ ಅಳತೆ ಹಿಡಿದು ಒಂದು ಸುತ್ತು ಹಾಕಿ.

ಅಂಕದ ಲೆಕ್ಕ ಸುಲಭ. ಪೂರ್ತಿ ಸರಿ ಇದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಪಾಪ ಅಂತ ಒಂದೂವರೆ ಕೊಡುವಂತಿಲ್ಲ! ಕಾಯಕಲ್ಪದ ಪ್ರಶಸ್ತಿಗೆ ಕನಿಷ್ಠ ಶೇ 70 ಬೇಕು.

ಗೇಟಿನಿಂದ ಶುರು ಮಾಡಿ. ಆಡಳಿತ ವೈದ್ಯಾಧಿಕಾರಿಗಳ ಕೊಠಡಿಯಲ್ಲಿ ಕಾಫಿ ಕುಡಿದು ಹೊರಟರೆ, ಅವರು ತೋರಿಸಿದ್ದನ್ನಷ್ಟೇ ನೋಡಿ ಬರುತ್ತೀರಿ. ವೀಲ್‌ಚೇರ್ ಎಲ್ಲಿದೆ, ಚೀಟಿ ಎಲ್ಲಿ ಮಾಡಿಸಬೇಕು ಅನ್ನುವುದು ಯಾರನ್ನೂ ಕೇಳದೆ ಗೊತ್ತಾಗುತ್ತದಾ ನೋಡಿ.

ಜಾಸ್ತಿ ಹೊತ್ತು ಶೌಚಾಲಯಕ್ಕೆ ಕೊಡಿ. ಬಾಗಿಲಲ್ಲಿ ನಿಂತು ಇಣುಕಿದರೆ ಸಾಲದು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಚಿಲಕ ಬೀಳುತ್ತದಾ? ನಲ್ಲಿ ತಿರುಗಿಸಿ. ಮಗ್ ಇದೆಯಾ? ಡ್ರಿಪ್ ಹಾಕಿಸಿಕೊಂಡವರು ಬಾಟಲಿಯನ್ನು ಎಲ್ಲಿ ನೇತುಹಾಕಬೇಕು? ಒಂದು ಮೊಳೆಯೂ ಇಲ್ಲದಿದ್ದರೆ ಹೆಂಡತಿಯೋ ಮಗನೋ ಬಾಗಿಲು ಅರ್ಧ ತೆರೆದು, ಮುಖ ಆಚೆ ತಿರುಗಿಸಿ, ಕೈ ಒಳಗೆ ಚಾಚಿ ಹಿಡಿದಿರುತ್ತಾರೆ. ಅದಕ್ಕೆ ಸೊನ್ನೆಯೇ ಸರಿ. ಬಾಗಿಲ ಹಿಂದೆ ಅಂಟಿಸಿದ ಕ್ಲೀನಿಂಗ್ ಪಟ್ಟಿಯನ್ನೂ ಓದಿ. ಬೆಳಿಗ್ಗೆ ಹನ್ನೊಂದಕ್ಕೇ ಸಂಜೆಯ ಸಹಿ ಬಿದ್ದಿದ್ದರೆ ನಿಮಗೇ ಅರ್ಥವಾಗುತ್ತದೆ.

ಇನ್ನು ಕಸದ ಡಬ್ಬಿಗಳು. ರಕ್ತ ಮೆತ್ತಿದ ಹತ್ತಿ ಹಳದಿಗೆ, ಡ್ರಿಪ್ ಪೈಪು ಕೆಂಪಿಗೆ, ಸೂಜಿ ಬಿಳಿಗೆ, ಔಷಧಿಯ ಗಾಜಿನ ಬಾಟಲಿ ನೀಲಿಗೆ. ಬಗ್ಗಿ ನೋಡಿ, ಕೈ ಹಾಕಬೇಡಿ.

ರೋಗಿಗಳನ್ನು ‘ಚೆನ್ನಾಗಿ ನೋಡ್ಕೋತಾರಾ?’ ಅಂತ ಕೇಳಬೇಡಿ. ಪಕ್ಕದಲ್ಲಿ ಸಿಸ್ಟರ್ ನಿಂತಿದ್ದರೆ ಎಲ್ಲರೂ ‘ಹೂಂ’ ಅಂತಲೇ ಅನ್ನುತ್ತಾರೆ. ‘ಈ ಹೊದಿಕೆ ಮನೆಯದಾ ಅಜ್ಜಿ?’ ‘ರಾತ್ರಿ ಕುಡಿಯೋ ನೀರು ಎಲ್ಲಿಂದ ತಂದ್ರಿ?’ ಅಂತ ಕೇಳಿ. ಸರಿಯಾದ ಉತ್ತರ ಬರುತ್ತದೆ.

ಊಟವನ್ನು ಅಡುಗೆಮನೆಯಲ್ಲಲ್ಲ, ವಾರ್ಡಿನಲ್ಲಿ ಬಡಿಸುವ ಹೊತ್ತಿಗೆ ರುಚಿ ನೋಡಿ. ಅಷ್ಟರಲ್ಲಿ ಸಾರು ಆರಿರುತ್ತದೆ, ಅಲ್ವಾ? ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2013ರಿಂದ ನಡೆಯುವ ಇಂಥದ್ದೇ ತಪಾಸಣೆಯಲ್ಲೂ ರೋಗಿಗಳ ಊಟದ ರುಚಿ ನೋಡುತ್ತಾರೆ. ತಂಡದಲ್ಲಿ ಕನಿಷ್ಠ ಅರ್ಧದಷ್ಟು ಜನ ರೋಗಿಗಳ ಪರವಾಗಿ ಬಂದವರೇ ಇರಬೇಕು. ನಮ್ಮಲ್ಲೂ ಇದು ಬಂದರೆ ಒಳ್ಳೆಯದು.

ಇಬ್ಬರು ಹೋಗಿ, ಬೇರೆ ಬೇರೆಯಾಗಿ ಅಂಕ ಹಾಕಿ. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಗೆ ಇಬ್ಬರೂ ವಾಪಸ್ ಹೋಗಿ ನೋಡಿ. ಪಟ್ಟಿಯನ್ನು ಸಮಿತಿ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ. ಚಿಲಕ, ಮಗ್, ಮೊಳೆಯಂಥ ಸಣ್ಣ ಖರ್ಚಿಗೆ ಸಮಿತಿಯ ಹಣವನ್ನೇ ಕೇಳಿ. ಮುಂದಿನ ತಿಂಗಳು ಹೋದಾಗ ಅದೇ ಬಾಗಿಲು ಹಾಕಿ ನೋಡಿ.