ಪ್ರೋಗ್ರಾಮರ್ ಅಲ್ಲದವರು ಹಣ ಕೊಡದೆ ಪೈಥಾನ್ ಕಲಿಯುವ ಬಗೆ

ಲೆಕ್ಕಪತ್ರ ನೋಡಿಕೊಳ್ಳುವವರು, ಶಿಕ್ಷಕರು, ಸಂಘಸಂಸ್ಥೆಗಳ ಕಾರ್ಯದರ್ಶಿಗಳು ಕೋಡಿಂಗ್ ಕಲಿಯಲು ಹೊರಟಾಗ ಸಾಮಾನ್ಯವಾಗಿ ಯಾವ ಕೋರ್ಸ್ ಒಳ್ಳೆಯದೆಂದು ಕೇಳುತ್ತಾರೆ. ಅದಕ್ಕೂ ಮೊದಲು, ತಮ್ಮ ಯಾವ ಕೆಲಸ ಇದರಿಂದ ಹಗುರವಾಗಬೇಕೆಂದು ತೀರ್ಮಾನಿಸಿಕೊಳ್ಳುವುದು ಮುಖ್ಯ. ಸಂಘದ ಸದಸ್ಯರ ಪಟ್ಟಿ ಒಂದು ಎಕ್ಸೆಲ್ ಫೈಲಿನಲ್ಲಿಯೂ ಚಂದಾ ಜಮಾ ಆದ ವಿವರ ಇನ್ನೊಂದರಲ್ಲಿಯೂ ಇದ್ದು, ಎರಡನ್ನೂ ತಾಳೆ ನೋಡಿ ಬಾಕಿದಾರರ ಹೆಸರು ತೆಗೆಯಬೇಕಾಗಿದೆ ಎಂದುಕೊಳ್ಳೋಣ. ಇಂಥ ಒಂದು ಕೆಲಸವನ್ನು ಎದುರಿಗಿಟ್ಟುಕೊಂಡವರಿಗೆ ಯಾವ ಪಾಠ ಈಗಲೇ ಬೇಕು, ಯಾವುದನ್ನು ಮುಂದಕ್ಕೆ ಬಿಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಪ್ರೋಗ್ರಾಮಿಂಗ್ ಭಾಷೆಯ ಆಯ್ಕೆಯಲ್ಲಿ ಹೆಚ್ಚು ಚರ್ಚೆ ಬೇಡ. 1991ರಲ್ಲಿ ಗೈಡೋ ವಾನ್ ರಾಸಮ್ ಬಿಡುಗಡೆ ಮಾಡಿದ ಪೈಥಾನ್ ಉಚಿತವಾಗಿ ದೊರೆಯುತ್ತದೆ, ಮತ್ತು ಹೊಸಬರಿಗೂ ಓದಲು ಸುಲಭವಾಗಿದೆ. ಅದನ್ನು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡುವ ಗೊಂದಲವನ್ನೂ ಸದ್ಯಕ್ಕೆ ತಪ್ಪಿಸಬಹುದು: ಗೂಗಲ್ ಖಾತೆ ಇದ್ದರೆ ಬ್ರೌಸರಿನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಹೊಸ ನೋಟ್‌ಬುಕ್ ತೆರೆದು, ಕೋಡ್ ಬರೆದು, ಶಿಫ್ಟ್ ಮತ್ತು ಎಂಟರ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಫಲಿತಾಂಶ ಅಲ್ಲೇ ಕೆಳಗೆ ಮೂಡುತ್ತದೆ. ಮೊಬೈಲಿನಲ್ಲಿಯೂ ಇದು ತೆರೆಯುತ್ತದೆಯಾದರೂ ಅಭ್ಯಾಸಕ್ಕೆ ಕೀಬೋರ್ಡ್ ಇರುವ ಯಂತ್ರವೇ ಸರಿ.

ಪಾಠಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50ಪಿ ಎಂಬ ಆನ್‌ಲೈನ್ ಪೈಥಾನ್ ಕೋರ್ಸ್ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಂಡಿದೆ. ಪೂರ್ವಜ್ಞಾನ ಬೇಡದ ಈ ಕೋರ್ಸಿನಲ್ಲಿ ಡೇವಿಡ್ ಮಲಾನ್ ಪಾಠ ಮಾಡುತ್ತಾರೆ. ಭಾರತೀಯ ಉಚ್ಚಾರಣೆಯ ಇಂಗ್ಲಿಷ್ ಹೆಚ್ಚು ಒಗ್ಗುವವರು ಐಐಟಿಗಳ ಆನ್‌ಲೈನ್ ಪಾಠಗಳ ವೇದಿಕೆಯಾದ ಎನ್‌ಪಿಟಿಇಎಲ್‌ನಲ್ಲಿ ಐಐಟಿ ರೋಪಡ್‌ನ ಪ್ರಾಧ್ಯಾಪಕ ಸುದರ್ಶನ್ ಅಯ್ಯಂಗಾರ್ ಅವರ 12 ವಾರಗಳ ಪೈಥಾನ್ ಪಾಠಗಳನ್ನು ನೋಡಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಇವುಗಳಲ್ಲಿ ಒಂದನ್ನೇ ಆರಿಸಿಕೊಂಡು ಕೊನೆಯವರೆಗೆ ಮುಗಿಸಬೇಕು. ಕಲಿಯಲು ಹಣ ಬೇಕಿಲ್ಲ. ಎನ್‌ಪಿಟಿಇಎಲ್ ಪರೀಕ್ಷೆಗೆ ಮತ್ತು ಸಿಎಸ್50ಪಿ ದೊರೆಯುವ ತಾಣಗಳಲ್ಲೊಂದಾದ ಎಡ್‌ಎಕ್ಸ್‌ನ ದೃಢೀಕೃತ ಪ್ರಮಾಣಪತ್ರಕ್ಕೆ ಮಾತ್ರ ಶುಲ್ಕವಿದ್ದು, ನಮ್ಮ ಉದ್ದೇಶಕ್ಕೆ ಅವೆರಡೂ ಅನಗತ್ಯ.

ವಿಡಿಯೋ ನೋಡಿದಾಗ ಅರ್ಥವಾಯಿತೆನ್ನಿಸುವುದಕ್ಕೂ ಕೈಗೆ ಬರುವುದಕ್ಕೂ ಬಹಳ ಅಂತರವಿದೆ. ಆದ್ದರಿಂದ ಪ್ರತಿ ಉದಾಹರಣೆಯನ್ನೂ ಕಾಪಿ ಮಾಡದೆ ಸ್ವತಃ ಟೈಪ್ ಮಾಡಿ, ಓಡಿಸುವ ಮೊದಲು ಉತ್ತರವೇನು ಬರಬಹುದೆಂದು ಊಹಿಸಿ, ಅನಂತರ ಒಂದು ಸಂಖ್ಯೆಯನ್ನೋ ಪದವನ್ನೋ ಬದಲಿಸಿ ಮತ್ತೆ ಓಡಿಸಿ ನೋಡಬೇಕು. ದೋಷದ ಕೆಂಪು ಸಂದೇಶ ಬಂದರೆ ಮೊದಲು ಅದರ ಕೊನೆಯ ಸಾಲನ್ನು ಓದಿರಿ. ಅಲ್ಲಿ ನೇಮ್ ಎರರ್ ಎಂದಿದ್ದರೆ ಬಹುತೇಕ ಹೆಸರಿನ ಕಾಗುಣಿತ ತಪ್ಪಿರುತ್ತದೆ. ಇಂಡೆಂಟೇಶನ್ ಎರರ್ ಎಂದಿದ್ದರೆ ಸಾಲಿನ ಆರಂಭದಲ್ಲಿ ಬಿಟ್ಟ ಜಾಗ ಸರಿಯಿಲ್ಲ. ಸಂದೇಶವೇ ಬಾರದ ತಪ್ಪುಗಳು ಇನ್ನೂ ಕಷ್ಟದವು. ಇನ್‌ಪುಟ್ ಆಜ್ಞೆಯ ಮೂಲಕ ಪಡೆದ 20 ಮತ್ತು 5ನ್ನು ಕೂಡಿಸಿದರೆ 25ರ ಬದಲು 205 ಬರುತ್ತದೆ, ಏಕೆಂದರೆ ಟೈಪ್ ಮಾಡಿದ್ದನ್ನೆಲ್ಲ ಪೈಥಾನ್ ಪಠ್ಯವೆಂದೇ ಸ್ವೀಕರಿಸುತ್ತದೆ. ಇಂಟ್ ಎಂಬ ಆಜ್ಞೆ ಬಳಸಿ ಅದನ್ನು ಸಂಖ್ಯೆಯಾಗಿ ಪರಿವರ್ತಿಸಬೇಕು. ಈ ಇಂಟ್‌ಗೆ ಕನ್ನಡ ಅಂಕಿಗಳೂ ಅರ್ಥವಾಗುತ್ತವೆ ಎಂಬುದು ಸಂತೋಷದ ಸಂಗತಿ.

ವೇರಿಯಬಲ್, ಷರತ್ತು, ಲೂಪ್, ಲಿಸ್ಟ್, ಡಿಕ್ಷನರಿ, ಫೈಲ್ ಓದುವುದು — ಪಾಠಗಳಲ್ಲಿ ಬರುವ ಈ ವಿಷಯಗಳಷ್ಟು ಬಂದರೆ ಚಂದಾ ಪಟ್ಟಿಗೆ ಕೈ ಹಾಕಬಹುದು. ಎಕ್ಸೆಲ್ ಫೈಲುಗಳನ್ನು, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸರಳ ಪಠ್ಯರೂಪವಾದ ಸಿಎಸ್‌ವಿಯಲ್ಲಿ, ಅದರಲ್ಲೂ ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯಲ್ಲೇ ಉಳಿಸಿಕೊಳ್ಳಿ. ಸಾಮಾನ್ಯ ಸಿಎಸ್‌ವಿ ಆರಿಸಿದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಒಬ್ಬರ ಹೆಸರನ್ನೇ ಎರಡು ಪಟ್ಟಿಗಳಲ್ಲಿ ಎರಡು ರೀತಿ ಬರೆದಿರುವುದು ಸಾಮಾನ್ಯವಾದ್ದರಿಂದ ಹೆಸರಿನ ಬದಲು ಸದಸ್ಯತ್ವ ಸಂಖ್ಯೆಯಿಂದ ತಾಳೆ ಹಾಕಿರಿ. ಕೊಲ್ಯಾಬ್‌ಗೆ ಏರಿಸಿದ ಫೈಲು ಗೂಗಲ್‌ನ ಯಂತ್ರಕ್ಕೆ ಹೋಗುವುದರಿಂದ ಸದಸ್ಯರ ಫೋನ್ ಸಂಖ್ಯೆ, ವಿಳಾಸಗಳ ಕಾಲಂಗಳನ್ನು ಮೊದಲೇ ಅಳಿಸಿದ ಪ್ರತಿಯನ್ನಷ್ಟೇ ಬಳಸಿರಿ. ಮೊದಲ ಸಲ ಬಂದ ಬಾಕಿದಾರರ ಪಟ್ಟಿಯನ್ನು ಕೈಯಿಂದ ತಯಾರಿಸಿದ ಪಟ್ಟಿಯೊಂದಿಗೆ ಹೋಲಿಸಿ, ಎರಡೂ ಒಂದೇ ಎಂದು ಖಚಿತವಾದ ಮೇಲೆಯೇ ಯಾರಿಗಾದರೂ ಜ್ಞಾಪನಪತ್ರ ಕಳಿಸಿರಿ.